ಕೋರೆಹಲ್ಲು ಹಿಂದಕ್ಕೆ ಎಳೆಯುವಾಗ: ಗ್ರಾಂ, ಗಂಟೆ, ಜೀವಕೋಶ

ಮೊದಲ ಪ್ರೀಮೋಲಾರ್ (ಕೋರೆಹಲ್ಲಿನ ಹಿಂದಿನ ಚಿಕ್ಕ ದವಡೆಹಲ್ಲು) ಕಿತ್ತ ಜಾಗಕ್ಕೆ ಕೋರೆಹಲ್ಲನ್ನು ಸರಿಸುವುದು ಆರ್ಥೊಡಾಂಟಿಕ್ಸ್‌ನಲ್ಲಿ, ಅಂದರೆ ಹಲ್ಲು ನೇರಮಾಡುವ ಚಿಕಿತ್ಸೆಯಲ್ಲಿ, ದಿನನಿತ್ಯದ ಕೆಲಸ. ಸ್ಪ್ರಿಂಗ್ ಎಳೆಯಿತು, ಹಲ್ಲು ಬಂತು ಅನ್ನಿಸುತ್ತದೆ. ನಿಜಕ್ಕೂ ಸ್ಪ್ರಿಂಗ್ ಮಾಡುವುದು ಸುದ್ದಿ ಮುಟ್ಟಿಸುವ ಕೆಲಸ ಮಾತ್ರ. ಮೂಳೆ ಕರಗಿಸಿ ದಾರಿ ಬಿಡುವವು ಆಸ್ಟಿಯೊಕ್ಲಾಸ್ಟ್ ಜೀವಕೋಶಗಳು. ಅವು ಬಹುಪಾಲು ರಕ್ತದ ಮೂಲಕ ಬರಬೇಕು, ಹಾಗಾಗಿ ರಕ್ತನಾಳ ಜಜ್ಜಿಹೋಗಬಾರದು.

ಎಳೆಯುವ ಮುನ್ನ

ಹಲ್ಲಿಗೆ ಅಂಟಿಸಿದ ಬ್ರಾಕೆಟ್‌ಗಳ 0.022 ಇಂಚಿನ ಸ್ಲಾಟ್‌ನಲ್ಲಿ (ತಂತಿ ಕೂರುವ ಸೀಳಿನಲ್ಲಿ) 0.019×0.025 ಇಂಚಿನ ಸ್ಟೀಲ್ ತಂತಿ ಕೂರಿಸಿ ಸುಮಾರು ಒಂದು ತಿಂಗಳು ಹಾಗೇ ಬಿಡಿ. ಆಮೇಲೆ ತಂತಿ ಬ್ರಾಕೆಟ್‌ಗಳಲ್ಲಿ ಸಲೀಸಾಗಿ ಜಾರಬೇಕು. ಎಳೆತಕ್ಕೆ ಆಧಾರವಾಗುವ ಎರಡನೇ ಪ್ರೀಮೋಲಾರ್ ಮತ್ತು ದವಡೆಹಲ್ಲನ್ನು ಲಿಗೇಚರ್ ವೈರ್ ಎಂಬ ಸಣ್ಣ ತಂತಿಯಿಂದ ಒಟ್ಟಿಗೆ ಕಟ್ಟಿ. ಒಸಡಿನಿಂದ ರಕ್ತ ಬರುತ್ತಿದ್ದರೆ ಬಲ ಹಾಕಲೇಬೇಡಿ. ಹಲ್ಲು ಸರಿಸುವ ಸಂಕೇತ ಪ್ರೋಟೀನ್‌ಗಳಾದ ಇಂಟರ್‌ಲ್ಯೂಕಿನ್-1 ಬೀಟಾ, ಟಿಎನ್‌ಎಫ್-ಆಲ್ಫಾಗಳೇ ಸೋಂಕಿನ ಊತದಲ್ಲೂ ಸುರಿಯುತ್ತವೆ. ಎರಡೂ ಸೇರಿದರೆ ಮೂಳೆಯ ಎತ್ತರವೇ ಕುಸಿಯುತ್ತದೆ. ಮೂಳೆ ಸವೆತಕ್ಕೆ ಬಿಸ್‌ಫಾಸ್ಫೊನೇಟ್ ತೆಗೆದುಕೊಳ್ಳುತ್ತಿದ್ದೀರಾ ಎಂದು ನೇರವಾಗಿ ಕೇಳಿ. ಆ ಔಷಧಿ ಆಸ್ಟಿಯೊಕ್ಲಾಸ್ಟನ್ನೇ ಕಟ್ಟಿಹಾಕುತ್ತದೆ. ವಯಸ್ಸಾದವರು ಅದನ್ನು ‘ಕ್ಯಾಲ್ಸಿಯಂ ಮಾತ್ರೆ’ ಅಂದುಬಿಡುವುದುಂಟು.

ಎಷ್ಟು ಗ್ರಾಂ?

ಹಲ್ಲು ಬರೀ ವಾಲಬೇಕಾದರೆ 35ರಿಂದ 60 ಗ್ರಾಂ, ಬೇರುಸಮೇತ ನೆಟ್ಟಗೆ ಸರಿಯಬೇಕಾದರೆ 70ರಿಂದ 120 ಗ್ರಾಂ ಸಾಕು. ತಂತಿಯ ಮೇಲೆ ಜಾರಿಸುವಾಗ ಘರ್ಷಣೆ ಒಂದಿಷ್ಟು ನುಂಗುವುದರಿಂದ ಸುಮಾರು 150 ಗ್ರಾಂನ ನೈಟೈ (ನಿಕಲ್-ಟೈಟೇನಿಯಂ) ಕಾಯಿಲ್ ಸ್ಪ್ರಿಂಗ್ ಹಾಕುವುದು ರೂಢಿ. ಬಲವನ್ನು ಡಾಂಟ್ರಿಕ್ಸ್ ಗೇಜಿನಿಂದ ಅಳೆಯಿರಿ, ಕೈಯಂದಾಜು ನಂಬಬೇಡಿ. ಪವರ್ ಚೈನ್ ಎಂಬ ರಬ್ಬರಿನಂಥ ಸರಪಳಿ ಅಗ್ಗ, ಆದರೆ ಮೊದಲ ದಿನವೇ ಅರ್ಧದಷ್ಟು ಬಲ ಕಳೆದುಕೊಳ್ಳುತ್ತದೆ. ಅದನ್ನು ಸರಿದೂಗಿಸಲು ಬಿಗಿಯಾಗಿ ಎಳೆದು ಕಟ್ಟುವ ಚಟ ಬಹಳ ಕಡೆ ಇದೆ, ಕೆಲಸ ಕೆಡುವುದೂ ಅಲ್ಲೇ.

ಲೆಕ್ಕ ಸರಳ. ಬೇರಿಗೂ ಮೂಳೆಗೂ ನಡುವಿನ ಲಿಗಮೆಂಟಿನ ದಪ್ಪ ಸುಮಾರು 0.2 ಮಿಲಿಮೀಟರ್. ಅದರ ಸೂಕ್ಷ್ಮ ರಕ್ತನಾಳಗಳಲ್ಲಿ ಒತ್ತಡ ಚದರ ಸೆಂಟಿಮೀಟರಿಗೆ 20ರಿಂದ 26 ಗ್ರಾಂ ಎಂದು ಆರ್ಥೊಡಾಂಟಿಕ್ಸ್ ಸಂಶೋಧಕ ಶ್ವಾರ್ಜ್ 1932ರಲ್ಲೇ ಹೇಳಿದ್ದ. ಅದನ್ನು ಮೀರಿ ಒತ್ತಿದರೆ ರಕ್ತ ನಿಲ್ಲುತ್ತದೆ.

ಒಳಗೆ ಏನು ನಡೆಯುತ್ತದೆ

ಹಗುರ ಬಲ ಬಿದ್ದ ಕೆಲವೇ ಸೆಕೆಂಡಿನಲ್ಲಿ ಲಿಗಮೆಂಟಿನ ದ್ರವ ಪಕ್ಕಕ್ಕೆ ಹಿಂಡಿಹೋಗುತ್ತದೆ. ನಿಮಿಷಗಳಲ್ಲಿ ಪ್ರೋಸ್ಟಾಗ್ಲಾಂಡಿನ್ ಇ-2 ಎಂಬ ಸಂಕೇತ ರಾಸಾಯನಿಕ ಏರುತ್ತದೆ. ಸುಮಾರು ನಾಲ್ಕು ಗಂಟೆ ಕಳೆದ ಮೇಲೆ ಜೀವಕೋಶದೊಳಗೆ ಸುದ್ದಿ ಸಾಗಿಸುವ ಸೈಕ್ಲಿಕ್ ಎಎಂಪಿ ಹೆಚ್ಚುತ್ತದೆ. ರಬ್ಬರ್ ಎಲಾಸ್ಟಿಕ್ಕನ್ನು ದಿನಕ್ಕೆ ಎರಡೇ ಗಂಟೆ ಹಾಕಿಕೊಂಡರೆ ಏನೂ ಆಗದಿರುವುದು ಇದಕ್ಕೇ. ಒತ್ತಡದ ಬದಿಯಲ್ಲಿ ಫೈಬ್ರೊಬ್ಲಾಸ್ಟ್ (ಲಿಗಮೆಂಟಿನ ಜೀವಕೋಶ) ಮತ್ತು ಆಸ್ಟಿಯೊಸೈಟ್‌ಗಳು (ಮೂಳೆಯೊಳಗಿನ ಜೀವಕೋಶಗಳು) ರ್‍ಯಾಂಕ್-ಎಲ್ ಪ್ರೋಟೀನನ್ನು ಹೆಚ್ಚು ತಯಾರಿಸುತ್ತವೆ. ಅದು ಆಸ್ಟಿಯೊಕ್ಲಾಸ್ಟಿನ ಮರಿಗಳ ಮೇಲಿನ ರ್‍ಯಾಂಕ್ ಗ್ರಾಹಕಕ್ಕೆ ಅಂಟಿದರೆ ಅವು ಒಂದಕ್ಕೊಂದು ಬೆಸೆದು ದೊಡ್ಡದಾಗುತ್ತವೆ, ಆಮ್ಲದಿಂದ ಖನಿಜವನ್ನೂ ಕೆಥೆಪ್ಸಿನ್-ಕೆ ಕಿಣ್ವದಿಂದ ಕೊಲಾಜನ್ನನ್ನೂ ಕರಗಿಸುತ್ತವೆ. ಓಪಿಜಿ ಎಂಬ ಇನ್ನೊಂದು ಪ್ರೋಟೀನ್ ರ್‍ಯಾಂಕ್-ಎಲ್ ಅನ್ನು ದಾರಿಯಲ್ಲೇ ಹಿಡಿದಿಡುತ್ತದೆ. ಎಳೆತದ ಬದಿಯಲ್ಲಿ ಓಪಿಜಿಯ ಕೈ ಮೇಲು. ಅಲ್ಲಿ ರನ್ಕ್ಸ್-2 ಜೀನ್ ಚುರುಕಾಗಿ ಆಸ್ಟಿಯೊಬ್ಲಾಸ್ಟ್‌ಗಳು ಹೊಸ ಮೂಳೆ ಕಟ್ಟುತ್ತವೆ. ಸುಮಾರು ಎರಡು ದಿನಕ್ಕೆ ಹಲ್ಲು ನಿಜವಾಗಿ ಸರಿಯತೊಡಗುತ್ತದೆ.

ಬಲ ಅತಿಯಾದರೆ ಒತ್ತಿದ ಜಾಗದ ಜೀವಕೋಶಗಳೇ ಸತ್ತು ಗಾಜಿನಂಥ ಪಟ್ಟಿ ಉಳಿಯುತ್ತದೆ. ಇದೇ ಹಯಲಿನೈಸೇಶನ್. ಆಗ ಆಸ್ಟಿಯೊಕ್ಲಾಸ್ಟ್‌ಗಳು ಮೂಳೆಯ ಹಿಂಬದಿಯಿಂದ, ಮಜ್ಜೆಯ ಕಡೆಯಿಂದ ಕೊರೆದುಕೊಂಡು ಬರಬೇಕು. ಅದಕ್ಕೆ 7ರಿಂದ 14 ದಿನ ಹಿಡಿಯುತ್ತದೆ. ಅಷ್ಟು ದಿನ ಕೋರೆಹಲ್ಲು ಅಲ್ಲಾಡದೆ ನಿಂತಿದ್ದರೆ ದವಡೆಹಲ್ಲು ಮುಂದಕ್ಕೆ ಬಂದು ಜಾಗ ತಿನ್ನುತ್ತದೆ.

ಮತ್ತೆ ಯಾವಾಗ ಕರೆಸಬೇಕು

ನಾಲ್ಕು ವಾರಕ್ಕೊಮ್ಮೆ, ಮೂರು ವಾರಕ್ಕಿಂತ ಮೊದಲು ಬಲ ಹೊಸದಾಗಿ ಹಾಕಬೇಡಿ, ಲಿಗಮೆಂಟಿಗೆ ರಿಪೇರಿಯ ಸಮಯ ಬೇಕು. ತಿಂಗಳಿಗೆ ಸುಮಾರು 1 ಮಿಲಿಮೀಟರ್ ಬಂದರೆ ಚೆನ್ನಾಗಿ ಬಂದಂತೆ. ಪ್ರತಿ ಸಲವೂ ದವಡೆಹಲ್ಲು ಎಷ್ಟು ಮುಂದೆ ಬಂತು ಎಂದೂ ಅಳೆಯಿರಿ.

ನೋವು ಮೊದಲ 24 ಗಂಟೆಯ ಹೊತ್ತಿಗೆ ಹೆಚ್ಚು. ಪ್ಯಾರಸಿಟಮಾಲ್ ಬರೆದುಕೊಡಿ. ಐಬುಪ್ರೊಫೆನ್ ಪ್ರೋಸ್ಟಾಗ್ಲಾಂಡಿನ್ನನ್ನೇ ತಡೆಯುವುದರಿಂದ ದಿನಗಟ್ಟಲೆ ನುಂಗಿದರೆ ಹಲ್ಲಿನ ಚಲನೆಯೂ ನಿಧಾನವಾಗಬಹುದು. ಒಂದೆರಡು ಮಾತ್ರೆಗೆ ಗಾಬರಿ ಬೇಡ.

ಆರು ತಿಂಗಳಿಗೊಮ್ಮೆ ಬೇರಿನ ತುದಿಯ ಎಕ್ಸ್‌ರೇ ತೆಗೆದು ಹಳೆಯದರ ಪಕ್ಕದಲ್ಲಿಟ್ಟು ನೋಡಿ. ತುದಿ ಮೊಂಡಾಗಿದ್ದರೆ ಬೇರು ಕರಗುತ್ತಿದೆ ಎಂದರ್ಥ; ಸ್ಪ್ರಿಂಗ್ ಬಿಚ್ಚಿ, ತಂತಿಯನ್ನು ಬಲವಿಲ್ಲದೆ ಎರಡು ಮೂರು ತಿಂಗಳು ಹಾಗೇ ಇಡಿ. ಆ ಅವಧಿಯಲ್ಲಿ ಸಿಮೆಂಟಮ್ (ಬೇರಿನ ಹೊರಪದರ) ಗಾಯ ಮುಚ್ಚಿಕೊಳ್ಳುತ್ತದೆ; ಆಮೇಲೆ ಕಡಿಮೆ ಬಲದಿಂದ ಶುರುಮಾಡಿ.