ಮೂರು ಕಿಲೋ ಏರಿಸಿದೆ, ಮುಟ್ಟು ವಾಪಸ್ ಬಂತು, ಟೈಮಿಂಗೂ ಉಳೀತು

ತೂಕ ಏರಿಸಿದರೆ ಟೈಮಿಂಗ್ ಹೋಗುತ್ತೆ ಅಂತ ಕೋಚ್ ಹೇಳಿದ್ದರು. ಜೊತೆಗೆ ಓಡುವವರೂ ಅದನ್ನೇ ಹೇಳಿದರು. ಹೋಗಲಿಲ್ಲ. 10 ಕಿಲೋಮೀಟರ್‌ನಲ್ಲಿ 40 ಸೆಕೆಂಡಿನಷ್ಟು ಕಮ್ಮಿಯೇ ಆಯಿತು.

ನನಗೆ ಸುಮಾರು 14 ತಿಂಗಳು ಮುಟ್ಟು ನಿಂತಿತ್ತು. ಟ್ರೈನಿಂಗ್ ಚೆನ್ನಾಗಿ ಹತ್ತುತ್ತಿದೆ ಅಂತಲೇ ನಂಬಿದ್ದೆ. ಮೊದಲು ಶಿನ್ ಮೂಳೆ, ಅಂದರೆ ಮೊಣಕಾಲಿನ ಕೆಳಗಿನ ಮುಂಭಾಗದ ಮೂಳೆ, ಬಿರುಕು ಬಿಟ್ಟಿತು. ಎಂಟು ತಿಂಗಳಿಗೆ ಪಾದದ ಮೂಳೆ. ಶೂ ಬದಲಿಸಿದೆ, ಇನ್‌ಸೋಲ್ ಮಾಡಿಸಿದೆ, ಫಿಸಿಯೊಗೆ ದುಡ್ಡು ಸುರಿದೆ. ಎರಡು ಸೀಸನ್‌ನ ಬಹುಮಾನದ ಹಣ ಅಲ್ಲೇ ಕರಗಿತು. ಮೂಳೆ ಎಷ್ಟು ಗಟ್ಟಿ ಅಂತ ಅಳೆಯುವ ಡೆಕ್ಸಾ ಸ್ಕ್ಯಾನಿಗೆ ಅದರ ಹತ್ತರಲ್ಲೊಂದು ಪಾಲೂ ಬೇಕಿರಲಿಲ್ಲ. ಕೊನೆಗೆ ಮಾಡಿಸಿದಾಗ ಬೆನ್ನುಮೂಳೆಯ ಝಡ್ ಸ್ಕೋರ್ (ನಮ್ಮದೇ ವಯಸ್ಸಿನ ಹೆಂಗಸರ ಸರಾಸರಿಗೆ ಹೋಲಿಸಿದ ಅಂಕ, ಸರಾಸರಿ ಅಂದರೆ ಸೊನ್ನೆ) ಮೈನಸ್ 1.8ರ ಹತ್ತಿರ ಇತ್ತು. ನಮ್ಮಂಥ ಓಟಗಾರ್ತಿಯರಿಗೆ ಮೈನಸ್ 1ಕ್ಕಿಂತ ಕೆಳಗಿಳಿದರೇ ಎಚ್ಚರ ಬೇಕು, ಅಲ್ವಾ?

ಒಬ್ಬ ಡಾಕ್ಟರು ಗರ್ಭನಿರೋಧಕ ಮಾತ್ರೆ ಕೊಟ್ಟರು. ತಿಂಗಳಿಗೊಮ್ಮೆ ರಕ್ತ ಬಂತು, ಸರಿಹೋಯಿತು ಅಂದುಕೊಂಡೆ. ಅದು ಮಾತ್ರೆಯ ಬಿಡುವಿಗೆ ಬರುವ ರಕ್ತ, ನಿಜವಾದ ಮುಟ್ಟಲ್ಲ. ಮೂಳೆಗೆ ಏನೂ ದಕ್ಕಲಿಲ್ಲ. ಆ ಆರು ತಿಂಗಳು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತೆ.

ಮುಟ್ಟು ನಿಲ್ಲಿಸಬಲ್ಲ ಥೈರಾಯ್ಡ್, ಪ್ರೊಲ್ಯಾಕ್ಟಿನ್ ಹಾರ್ಮೋನ್ ಎಲ್ಲ ಸರಿಯಿದೆ ಅಂತ ಖಾತ್ರಿಯಾದ ಮೇಲೆ, ಊಟ ಸಾಲದೇ ಮುಟ್ಟು ನಿಂತು ಮೂಳೆ ಸೊರಗಿದೆಯಾ ಅಂತ ಊಟದ ಲೆಕ್ಕಕ್ಕೆ ಕೂತೆ. ಕೊಬ್ಬು ಬಿಟ್ಟು ನನ್ನ ತೂಕ 42 ಕಿಲೋ. ದಿನಕ್ಕೆ ತಿನ್ನುತ್ತಿದ್ದದ್ದು 1600 ಕ್ಯಾಲೊರಿ, ಓಟಕ್ಕೆ 600 ಹೋಗುತ್ತಿತ್ತು. ಮೈಗೆ ಉಳಿದದ್ದು ಆ 42ರಲ್ಲಿ ಕಿಲೋಗೆ 24 ಕ್ಯಾಲೊರಿ. ಮೂವತ್ತರ ಕೆಳಗೆ ಅಪಾಯ, 45 ಇರಬೇಕು. ಹಂತಕ್ಕೆ 300ರಂತೆ ಸೇರಿಸುತ್ತಾ ಮೆಲ್ಲಗೆ ದಿನಕ್ಕೆ 2500ಕ್ಕೆ ತಂದೆ. ಬರೀ ಹೊಟ್ಟೆಯ ಓಟ ಬಂದ್. ಕಿಲೋಮೀಟರ್ ಐದರಲ್ಲೊಂದು ಪಾಲು ಕಡಿತ. ನನ್ನ ದೊಡ್ಡ ತಪ್ಪೆಂದರೆ ರೆಸ್ಟ್ ದಿನ ಊಟ ಕಮ್ಮಿ ಮಾಡುತ್ತಿದ್ದದ್ದು. ಗಟ್ಟಿ ವರ್ಕೌಟ್ ದಿನ ಯಾವ ಹೊತ್ತಿಗೆ ಏನು ತಿನ್ನುತ್ತೇನೆ ಅನ್ನೋದು ಮಾತ್ರ ಸದ್ಯಕ್ಕೆ ನನ್ನಲ್ಲೇ ಇರಲಿ.

ಐದು ತಿಂಗಳು ಏನೂ ಆಗಲಿಲ್ಲ. ಮೂರು ಕಿಲೋ ಏರಿತ್ತು, ಮುಟ್ಟಿಲ್ಲ. "ನೋಡು, ಸುಮ್ನೆ ದಪ್ಪ ಆದೆ" ಅಂತ ಸುತ್ತಲಿನವರು ಅಂದರು. ಆ ರಾತ್ರಿ ಅತ್ತುಬಿಟ್ಟೆ, ಆದರೆ ತಟ್ಟೆ ಖಾಲಿ ಮಾಡಿಯೇ ಮಲಗಿದೆ. ಏಳನೇ ತಿಂಗಳಲ್ಲಿ ಮುಟ್ಟು ಬಂತು. ಹತ್ತನೆಯದರಿಂದ ಸರಿಯಾಗಿ ಬರುತ್ತಿದೆ.

ಬಿರುಕು ಪೂರ್ತಿ ಕೂಡಿದ ಮೇಲೆ ವಾರಕ್ಕೆರಡು ದಿನ ಸ್ಕ್ವಾಟ್, ಡೆಡ್‌ಲಿಫ್ಟ್. ಮೂಳೆ ಗಟ್ಟಿಯಾಗಲಿ ಅಂತ ಜೊತೆಗೆ ಒಂದು ಪ್ರಯೋಗವನ್ನೂ ಮಾಡಿದೆ. ಒಂದೇ ಸಲ 100 ಜಿಗಿತದ ಬದಲು ಬೆಳಿಗ್ಗೆ 20, ಸಂಜೆ 20. ಒಂದಷ್ಟು ಪೆಟ್ಟಾದ ಮೇಲೆ ಮೂಳೆ ಕಿವಿಗೊಡಲ್ಲ, ಕೆಲವು ಗಂಟೆ ಬಿಟ್ಟರೆ ಮತ್ತೆ ಕೇಳಿಸಿಕೊಳ್ಳುತ್ತೆ. ವಿಟಮಿನ್ ಡಿ ಕಮ್ಮಿಯಿತ್ತು, ಅದನ್ನೂ ತುಂಬಿಸಿಕೊಂಡೆ.

ಎರಡು ವರ್ಷದ ನಂತರದ ಸ್ಕ್ಯಾನ್ ಮೈನಸ್ 1.3. ಮೂಳೆ ಮುಟ್ಟಿನಷ್ಟು ಬೇಗ ವಾಪಸ್ ಬರಲ್ಲ. ಈ ಸೀಸನ್‌ನಲ್ಲಿ ಮಾತ್ರ ಮೂಳೆ ನೋವಿಗೆ ಅಂತ ಒಂದು ಓಟವನ್ನೂ ಬಿಟ್ಟಿಲ್ಲ. ಮೊನ್ನೆ ಅದೇ ಕೋಚ್ ಇಬ್ಬರು ಹುಡುಗಿಯರನ್ನು ನನ್ನ ಹತ್ತಿರ ಕಳಿಸಿದ್ದರು.