ಟ್ರಾವೆಲ್ ಬದಲಿಸುವ ಫೋರ್ಕ್: ಆರಿಸುವಾಗ ನಾನು ಅಳೆದು ನೋಡುವುದು

ಮೌಂಟನ್ ಬೈಕಿನ ಮುಂದಿನ ಚಕ್ರ ಹಿಡಿಯುವ ಕವಲು, ಅಂದರೆ ಫೋರ್ಕ್, ಏಟು ಬಿದ್ದಾಗ ಎಷ್ಟು ಕುಗ್ಗಬಲ್ಲದೋ ಅದೇ ಅದರ ಟ್ರಾವೆಲ್. ಈ ಅಳತೆಯನ್ನು ಬದಲಿಸಬಹುದಾದ ಫೋರ್ಕ್ ಕೈಗೆ ಬಂದರೆ ನಾನು ಮೊದಲು ಪರೀಕ್ಷಿಸುವುದು ಪೂರ್ತಿ ಉದ್ದದಲ್ಲಿ ಅದು ಹೇಗೆ ಕೆಲಸ ಮಾಡುತ್ತದೆ ಎಂದು. ಗಿಡ್ಡ ಮಾಡುವ ಸೌಲಭ್ಯ ಬೇಕಾಗುವುದು ಉದ್ದನೆಯ ಕಡಿದಾದ ಏರಿನಲ್ಲಿ ಮಾತ್ರ. ಮಿಕ್ಕ ಹೊತ್ತೆಲ್ಲ ಸವಾರಿ ಪೂರ್ತಿ ಟ್ರಾವೆಲ್‌ನಲ್ಲೇ.

ಏರಿನಲ್ಲಿ ಮೈಭಾರ ಹಿಂದಕ್ಕೆ ಜಾರುತ್ತದೆ, ಮುಂದಿನ ಚಕ್ರ ಹಗುರಾಗಿ ಅತ್ತಿತ್ತ ಅಲೆಯುತ್ತದೆ. 160 ಮಿ.ಮೀ. ಫೋರ್ಕನ್ನು 130ಕ್ಕೆ ಇಳಿಸಿದರೆ ಹೆಡ್ ಆಂಗಲ್ (ಫ್ರೇಮ್ ಮುಂಭಾಗದಲ್ಲಿ ಫೋರ್ಕ್ ಕೂರುವ ಕೊಳವೆಯ ಓರೆ) ಮತ್ತು ಸೀಟ್ ಆಂಗಲ್ (ಸೀಟಿನ ಕೊಳವೆಯ ಓರೆ) ಎರಡೂ ಸುಮಾರು 1.3 ಡಿಗ್ರಿ ನೆಟ್ಟಗಾಗುತ್ತವೆ, ಹ್ಯಾಂಡಲ್ ತಗ್ಗುತ್ತದೆ, ಭಾರ ಮುಂದಕ್ಕೆ ಬರುತ್ತದೆ. ಆದರೆ ಪೆಡಲ್‌ಗಳ ಅಚ್ಚು ಕೂರುವ ಬಾಟಮ್ ಬ್ರಾಕೆಟ್ಟೂ ಸುಮಾರು 10 ಮಿ.ಮೀ. ಕೆಳಗಿಳಿಯುತ್ತದೆ. ಕಲ್ಲು, ಬೇರು ತುಂಬಿದ ಏರಿನಲ್ಲಿ ಪೆಡಲ್ ಬಡಿಯತೊಡಗುವುದು ಇದರಿಂದಲೇ. ಅಂಥ ಜಾಗದಲ್ಲಿ ನಾನು ಗಿಡ್ಡ ಮಾಡುವುದೇ ಇಲ್ಲ. ನುಣುಪಾದ ಮಣ್ಣಿನ ರಸ್ತೆ ಅರ್ಧ ಗಂಟೆ ಏರುವುದಿದ್ದರೆ ಮಾತ್ರ ಲಿವರ್ ತಿರುಗಿಸುತ್ತೇನೆ.

ಸೀಟ್ ಆಂಗಲ್ 76 ಡಿಗ್ರಿ ದಾಟಿರುವ ಈಚಿನ ಫ್ರೇಮ್‌ಗಳಿಗೆ ಈ ಫೋರ್ಕ್‌ನ ಅಗತ್ಯ ಅಷ್ಟಾಗಿ ಇಲ್ಲ ಎಂಬುದು ನನ್ನ ಅಭಿಪ್ರಾಯ. 72, 73 ಡಿಗ್ರಿಯ ಹಳೆಯ ಫ್ರೇಮ್‌ಗೆ ಅದೇ ಫೋರ್ಕ್ ಬಹಳ ಉಪಕಾರಿ.

ಒಳಗಿನ ರಚನೆಯಲ್ಲಿ ಭೇದಗಳಿವೆ. ರಾಕ್‌ಶಾಕ್ಸ್‌ನ ಹಳೆಯ ಕಾಯಿಲ್ ಯು-ಟರ್ನ್‌ನಲ್ಲಿ ಇರುವುದು ಸುರುಳಿ ಸ್ಪ್ರಿಂಗ್. ಗುಬುಟನ್ನು ಸುತ್ತು ಸುತ್ತು ತಿರುಗಿಸಿದರೆ ಟ್ರಾವೆಲ್ ಸ್ವಲ್ಪ ಸ್ವಲ್ಪವೇ ಬದಲಾಗುತ್ತದೆ. ನಿಧಾನ, ಆದರೆ ಗಾಳಿ ಸೋರುವ ಚಿಂತೆಯಿಲ್ಲ. ಫಾಕ್ಸ್‌ನ ಟಾಲಸ್, ರಾಕ್‌ಶಾಕ್ಸ್‌ನ ಡ್ಯುಯಲ್ ಪೊಸಿಷನ್ ಏರ್ ಇವು ಗಾಳಿಯವು. ಲಿವರ್ ತಿರುಗಿಸಿ ಹ್ಯಾಂಡಲ್ ಮೇಲೆ ಭಾರ ಹಾಕಿ ಒತ್ತಿದರೆ ಗಿಡ್ಡವಾಗುತ್ತವೆ. ಲಿವರ್ ಹಿಂದಿರುಗಿಸಿ ಭಾರ ತೆಗೆದರೆ ಮತ್ತೆ ಉದ್ದವಾಗುತ್ತವೆ. ಇವುಗಳಲ್ಲಿ ಸೀಲ್‌ಗಳು ಹೆಚ್ಚು, ಸವೆಯುವ ಜಾಗಗಳೂ ಹೆಚ್ಚು. ಲಿವರ್‌ನ ಭಾಗಗಳು ಗಾಳಿಕೋಣೆಯ ಮೇಲಿನ ಜಾಗ ಹಿಡಿಯುವುದರಿಂದ, ಕೊನೆಯ ಟ್ರಾವೆಲ್ ಗಟ್ಟಿ ಮಾಡುವ ಟೋಕನ್ (ಗಾಳಿಕೋಣೆಯ ಜಾಗ ಕಿರಿದಾಗಿಸುವ ತುಂಡು) ಹಾಕಲು ಹಲವು ಮಾದರಿಗಳಲ್ಲಿ ಬರುವುದಿಲ್ಲ. ಜೋರಾಗಿ ಜಿಗಿಯುವವರಿಗೆ ಇದು ದೊಡ್ಡ ಕೊರತೆ.

ಸ್ಯಾಗ್ ಅನ್ನು, ಅಂದರೆ ಸವಾರನ ಭಾರಕ್ಕೇ ಫೋರ್ಕ್ ಕುಗ್ಗುವ ಅಳತೆಯನ್ನು, ಯಾವಾಗಲೂ ಪೂರ್ತಿ ಉದ್ದದಲ್ಲೇ ಹೊಂದಿಸಬೇಕು. ಶಾಕ್ ಪಂಪಿನಿಂದ ಗಾಳಿ ತುಂಬಿ, ಹತ್ತು ಸಲ ನಿಧಾನವಾಗಿ ಒತ್ತಿ ಬಿಡುತ್ತೇನೆ. ನೀರಿನ ಚೀಲ, ಹೆಲ್ಮೆಟ್ ಎಲ್ಲ ತೊಟ್ಟು ಪೆಡಲ್ ಮೇಲೆ ನಿಂತು, ಫೋರ್ಕ್‌ನ ಹೊಳೆಯುವ ಕೊಳವೆಯ ಮೇಲಿನ ರಬ್ಬರ್ ಉಂಗುರವನ್ನು ಸೀಲ್‌ವರೆಗೆ ತಳ್ಳಿ, ಅಲುಗದೆ ಇಳಿಯುತ್ತೇನೆ. 160ಕ್ಕೆ ಉಂಗುರ ಸೀಲ್‌ನಿಂದ 32ರಿಂದ 40 ಮಿ.ಮೀ. ದೂರದಲ್ಲಿದ್ದರೆ ಸರಿ. ಗಿಡ್ಡ ಸ್ಥಿತಿಯಲ್ಲಿ ಹೊಂದಿಸಿದರೆ ಇಳಿಜಾರಿನಲ್ಲಿ ಲೆಕ್ಕವೆಲ್ಲ ತಪ್ಪುತ್ತದೆ.

ಹಳೆಯದನ್ನು ಕೊಳ್ಳುವಾಗ ಟೇಪು ಬೇಕೇ ಬೇಕು. ಚಕ್ರ ನೆಲದಿಂದ ಮೇಲೆತ್ತಿ, ಸೀಲ್‌ನ ಮೇಲಂಚಿನಿಂದ ಕ್ರೌನ್‌ನ (ಫೋರ್ಕ್‌ನ ಎರಡು ಕಾಲುಗಳನ್ನು ಮೇಲೆ ಜೋಡಿಸುವ ತುಂಡಿನ) ಕೆಳಗಿನವರೆಗೆ ಹೊಳೆಯುವ ಕೊಳವೆ ಎಷ್ಟು ಕಾಣುತ್ತದೆ ಎಂದು ಅಳೆಯುತ್ತೇನೆ. ಹೇಳಿದ ಟ್ರಾವೆಲ್‌ಗಿಂತ ಕಡಿಮೆಯಿದ್ದರೆ ಗಾಳಿ ಒಳಸೀಲ್ ದಾಟಿ ಕೆಳಕೋಣೆಗೆ ಸೇರಿರಬಹುದು; ಫೋರ್ಕ್ ತಾನಾಗಿ ಕುಗ್ಗಿ ಕೂರುವುದು ಆಗಲೇ. ಆಮೇಲೆ ಗಿಡ್ಡ ಮಾಡಿ, ಹತ್ತು ನಿಮಿಷ ಬಿಟ್ಟು, ಮತ್ತೆ ಉದ್ದ ಮಾಡಿ ಇನ್ನೊಮ್ಮೆ ಅಳೆಯಬೇಕು. ಮೊದಲಿನ ಅಳತೆಗೆ ಪೂರ್ತಿ ಮರಳದಿದ್ದರೆ ಸ್ಪ್ರಿಂಗ್ ಬದಿಯನ್ನು ಬಿಚ್ಚಿ ಸೀಲ್ ಬದಲಿಸುವ ಖರ್ಚನ್ನೂ ಬೆಲೆಗೆ ಸೇರಿಸಿ ಯೋಚಿಸಿ. ಗಾಳಿ ಹೆಚ್ಚಿಸಿ ಮೇಲೆತ್ತಲು ಹೋದರೆ ಫೋರ್ಕ್ ಬಿರುಸಾಗುತ್ತದೆ, ದೋಷ ಅಲ್ಲೇ ಉಳಿಯುತ್ತದೆ.

ಕೊಳ್ಳುವ ಮುನ್ನ ಫ್ರೇಮ್ ಒಪ್ಪುವ ಗರಿಷ್ಠ ಟ್ರಾವೆಲ್, ಸ್ಟೀರರ್‌ನ (ಫ್ರೇಮ್ ಒಳಗೆ ಹೋಗುವ ಫೋರ್ಕ್‌ನ ಮೇಲ್ಕೊಳವೆಯ) ಬಗೆ, ಆಕ್ಸಲ್ (ಚಕ್ರದ ಅಚ್ಚು) ಅಳತೆ, ಚಕ್ರದ ಗಾತ್ರ ತಾಳೆ ನೋಡಿ. ಇದರಲ್ಲಿ ಫ್ರೇಮ್‌ಗೆ ಲೆಕ್ಕಕ್ಕೆ ಬರುವುದು ಫೋರ್ಕ್‌ನ ಉದ್ದದ ಸ್ಥಿತಿ. 130ಕ್ಕೂ ಇಳಿಯುತ್ತದೆ ಎಂದು 140ರ ಮಿತಿಯ ಫ್ರೇಮ್‌ಗೆ 160ರ ಫೋರ್ಕ್ ಹಾಕಿದರೆ ಹೆಡ್ ಟ್ಯೂಬ್ ಮೇಲೆ ಸನ್ನೆಬಲ ಮಿತಿ ಮೀರುತ್ತದೆ.