ಶೆಲ್‌ನಿಂದಲೇ ಲೋಕಲ್ ಸಾಕೆಟ್ ಜೊತೆ ಮಾತು

ಒಂದೇ ಮೆಷಿನ್‌ನಲ್ಲಿರುವ ಪ್ರೋಗ್ರಾಂ ಜೊತೆ ಮಾತಾಡಲು ನೆಟ್‌ವರ್ಕ್ ಪೋರ್ಟ್ ಯಾಕೆ ತೆರೆಯಬೇಕು? ನಾನಂತೂ ಯುನಿಕ್ಸ್ ಸಾಕೆಟ್ಟನ್ನೇ ಬಳಸುತ್ತೇನೆ, ಅಂದರೆ ಒಂದೇ ಮೆಷಿನ್‌ನ ಪ್ರೋಗ್ರಾಂಗಳು ತಮ್ಮೊಳಗೆ ಮಾತಾಡುವ ದಾರಿ. ಅದು ಫೈಲ್ ಥರ ಒಂದು ಪಾತ್‌ನಲ್ಲಿ ಇರುತ್ತದೆ. ಯಾರು ಕನೆಕ್ಟ್ ಆಗಬಹುದು ಅನ್ನೋದನ್ನ ಫೈಲ್ ಪರ್ಮಿಷನ್ನೇ ನೋಡಿಕೊಳ್ಳುತ್ತದೆ. ಲಿನಕ್ಸ್‌ನಲ್ಲಿ ಅದಕ್ಕೆ ರೈಟ್ ಪರ್ಮಿಷನ್ ಬೇಕು.

ಯಾವ ಸಾಕೆಟ್‌ಗಳಿವೆ ಅಂತ 'ಎಸ್‌ಎಸ್' ಕಮಾಂಡ್‌ನಿಂದ ನೋಡುತ್ತೇನೆ. ಫೈಲ್ ಥರ ಕಂಡರೂ, ಫೈಲ್ ಓದಿ ತೋರಿಸುವ 'ಕ್ಯಾಟ್' ಕಮಾಂಡ್ ಕೊಟ್ಟರೆ ಎರರ್ರೇ ಬರೋದು. ಸಾಕೆಟ್ಟನ್ನು ಓಪನ್ ಮಾಡಲು ಆಗುವುದಿಲ್ಲ, ಕನೆಕ್ಟ್ ಆಗಬೇಕು. ಬ್ಯಾಶ್ ಶೆಲ್‌ನಲ್ಲಿ ಟಿಸಿಪಿ, ಯುಡಿಪಿ ಎಂಬ ನೆಟ್‌ವರ್ಕ್ ವಿಧಾನಗಳಿಗೆ ದಾರಿ ಇದೆ, ಯುನಿಕ್ಸ್ ಸಾಕೆಟ್‌ಗೆ ಇಲ್ಲ. ಝೆಡ್‌ಶೆಲ್‌ನಲ್ಲಿ ಇದಕ್ಕೇ ಒಂದು ಮಾಡ್ಯೂಲ್ ಇದೆ, ಒಳ್ಳೆಯದೇ. ಆದರೂ ನನ್ನ ಕೈ ಹೋಗುವುದು ಸೋಕ್ಯಾಟ್ ಕಡೆಗೇ. ಎರಡು ಕಡೆಗಳ ನಡುವೆ ಡೇಟಾ ಸಾಗಿಸುವ ಕಮಾಂಡ್ ಅದು.

ವೆಬ್‌ನ ಭಾಷೆಯಾದ ಎಚ್‌ಟಿಟಿಪಿ ಮಾತಾಡುವ ಸರ್ವಿಸ್ ಆದರೆ ಕರ್ಲ್ ಕಮಾಂಡ್ ಸಾಕು. ಕಂಟೇನರ್‌ಗಳನ್ನು ಓಡಿಸುವ ಡಾಕರ್‌ನ ಸಾಕೆಟ್ ಪಾತ್ ಕೊಟ್ಟು ವರ್ಷನ್ ಕೇಳಿದರೆ ತಕ್ಷಣ ಜೇಸನ್ ರೂಪದ ಉತ್ತರ ಬರುತ್ತದೆ. ಆ ಸಾಕೆಟ್‌ಗೆ ಪರ್ಮಿಷನ್ ಕೊಡುವ ಮುಂಚೆ ಮಾತ್ರ ಯೋಚಿಸಿ. ಸಾಮಾನ್ಯ ಸೆಟಪ್‌ನಲ್ಲಿ ಅದು ಮೆಷಿನ್‌ನ ಪೂರ್ತಿ ಅಧಿಕಾರ, ಅಂದರೆ ರೂಟ್ ಅಧಿಕಾರ ಕೊಟ್ಟ ಹಾಗೇ.

ಎಚ್ಚರ ಜಾಸ್ತಿ ಬೇಕಾಗುವುದು ಪೈಪ್ ಮಾಡುವಾಗ, ಅಂದರೆ ಒಂದು ಕಮಾಂಡ್‌ನ ಔಟ್‌ಪುಟ್ಟನ್ನು ಇನ್ನೊಂದಕ್ಕೆ ಕಳಿಸುವಾಗ. ಎಕೋದಿಂದ ಒಂದು ಸಾಲಿನ ಪ್ರಶ್ನೆಯನ್ನು ಸೋಕ್ಯಾಟ್‌ಗೆ ಕಳಿಸಿದೆ ಅಂದುಕೊಳ್ಳಿ. ಸಾಲು ಹೋದ ಕೂಡಲೇ ಇನ್‌ಪುಟ್ ಮುಗಿಯುತ್ತದೆ. ಅಲ್ಲಿಂದ ಸೋಕ್ಯಾಟ್ ಉತ್ತರಕ್ಕೆ ಕಾಯುವುದು ಬರೀ 0.5 ಸೆಕೆಂಡ್. ಸರ್ವರ್ ನಿಧಾನವಾದರೆ ಉತ್ತರ ಬರುವ ಮುಂಚೆಯೇ ಕನೆಕ್ಷನ್ ಮುಚ್ಚಿಹೋಗುತ್ತದೆ. ಎರರ್ ಕೂಡ ಕಾಣಿಸುವುದಿಲ್ಲ, ಸುಮ್ನೆ ಖಾಲಿ ಔಟ್‌ಪುಟ್! ಸರ್ವರ್‌ನಲ್ಲೇ ತೊಂದರೆ ಅನಿಸುತ್ತದೆ ಅಲ್ವಾ? ಹಾಗಾಗಿ ನನ್ನ ಎಲ್ಲ ಸ್ಕ್ರಿಪ್ಟ್‌ಗಳಲ್ಲೂ ಚಿಕ್ಕ 'ಟಿ' ಆಪ್ಷನ್ ಹಾಕಿ ಆ ಸಮಯವನ್ನು 5 ಸೆಕೆಂಡ್‌ಗೆ ಏರಿಸಿದ್ದೇನೆ. ದೊಡ್ಡ 'ಟಿ' ಬೇರೆ ಕೆಲಸದ್ದು. ಎರಡೂ ಕಡೆ ಡೇಟಾ ಓಡಾಟ ನಿಂತರೆ ಎಷ್ಟು ಹೊತ್ತಿಗೆ ಬಿಡಬೇಕು ಅಂತ ಹೇಳುವುದು ಅದು.

ಪಾತ್ ಚಿಕ್ಕದಿರಲಿ. ಲಿನಕ್ಸ್‌ನಲ್ಲಿ ಅದಕ್ಕಿರುವ ಜಾಗ 108 ಬೈಟ್ ಮಾತ್ರ. ಆಳವಾದ ಟೆಸ್ಟ್ ಫೋಲ್ಡರ್‌ಗಳಲ್ಲಿ ಅಷ್ಟು ಬೇಗ ತುಂಬಿಬಿಡುತ್ತದೆ.

ಇನ್ನು, ಸರ್ವರ್ ಅರ್ಧಕ್ಕೆ ನಿಂತುಹೋದರೂ ಸಾಕೆಟ್ ಫೈಲ್ ಉಳಿದಿರುತ್ತದೆ. ಶೆಲ್‌ನಲ್ಲಿ 'ಇದು ಸಾಕೆಟ್ಟಾ' ಅಂತ ಟೆಸ್ಟ್ ಮಾಡಿದರೆ ಹೌದು ಅಂತಲೇ ಉತ್ತರ. ಆ ಟೆಸ್ಟನ್ನು ನಾನು ನೆಚ್ಚಿಕೊಳ್ಳುವುದಿಲ್ಲ. ನಿಜವಾಗಿ ಕನೆಕ್ಟ್ ಮಾಡಿ ನೋಡುತ್ತೇನೆ. 'ಕನೆಕ್ಷನ್ ರೆಫ್ಯೂಸ್ಡ್' ಬಂದರೆ ಸರ್ವರ್ ಓಡುತ್ತಿಲ್ಲ ಅಂತ ಖಚಿತ ಮಾಡಿಕೊಂಡು, ಹಳೇ ಫೈಲ್ ಅಳಿಸಿ, ಮತ್ತೆ ಶುರು ಮಾಡುತ್ತೇನೆ.